ಪಾಠ 14: ಸೈಕಲ್ ಚೈನ್ ತುಂಡಾದರೆ



ನಮ್ಮಲ್ಲಿ ಅನೇಕರ ಮನೆಯಲ್ಲಿ ಸೈಕಲ್ ಇದೆ. ಮಗಳು ಅದರಲ್ಲಿ ಶಾಲೆಗೆ ಹೋಗುತ್ತಾಳೆ. ನಾವು ಡೈರಿಗೆ ಹಾಲು ಹಾಕಿ ಬರುತ್ತೇವೆ. ಸಂತೆಗೂ ಹೋಗುತ್ತೇವೆ. ಕರ್ನಾಟಕದಲ್ಲಿ 2006-07ರಲ್ಲಿ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಹಾಗೆಯೂ ಹಳ್ಳಿಗಳಿಗೆ ಸೈಕಲ್ ಬಂದವು.

ಅರ್ಧ ದಾರಿಯಲ್ಲಿ ಚೈನ್ ತುಂಡಾಯಿತು ಅಂದುಕೊಳ್ಳಿ. ಡೈರಿ ಬಾಗಿಲು ಹಾಕೋ ಹೊತ್ತು. ಕ್ಯಾನಿನಲ್ಲಿ ಹಾಲು ಇದೆ. ಸೈಕಲ್ ಅಂಗಡಿ ದೂರ. ಆಗ ಏನು ಮಾಡೋದು? ಯಾರಾದರೂ ಬರಲಿ ಅಂತ ಕಾಯೋದಾ? ಹಾಲು ಒಡೆದರೆ ಆ ದಿನದ ದುಡ್ಡು ಹೋಯಿತು.

ಚೈನ್ ಜೋಡಿಸೋದು ನಾವೇ ಕಲಿಯೋಣ. ಸಣ್ಣ ಕೆಲಸ. ತಾಳ್ಮೆ ಬೇಕು ಅಷ್ಟೆ.

ಚೈನ್ ಹೇಗಿರುತ್ತದೆ?

ಚೈನ್ ಅಂದರೆ ಕೊಂಡಿಗಳ ಸಾಲು. ಕೊಂಡಿಗಳಲ್ಲಿ ಎರಡು ಬಗೆ. ಒಂದು ಒಳಕೊಂಡಿ. ಅದರ ಪಕ್ಕ ಹೊರಕೊಂಡಿ. ಮತ್ತೆ ಒಳಕೊಂಡಿ, ಮತ್ತೆ ಹೊರಕೊಂಡಿ. ಹೀಗೆ ಸಾಲಾಗಿ ಇರುತ್ತವೆ. ಪ್ರತಿ ಕೊಂಡಿಗೂ ಎರಡು ಬದಿ ಎರಡು ಕಬ್ಬಿಣದ ಪಟ್ಟಿ ಇರುತ್ತವೆ.

ಎರಡು ಕೊಂಡಿಗಳನ್ನು ಹಿಡಿದಿಡುವುದು ಪಿನ್ನು. ಬಾಗಿಲಿನ ಕೀಲಿನಲ್ಲಿ ಕಡ್ಡಿ ಇರುತ್ತದಲ್ಲ, ಹಾಗೆ. ಪಿನ್ನು ಇದ್ದರೆ ಚೈನ್ ಬಾಗುತ್ತದೆ, ಬಿಡಿಸಿಕೊಳ್ಳೋದಿಲ್ಲ.

ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು. ಅಂದರೆ ಒಂದು ಒಳಕೊಂಡಿ, ಒಂದು ಹೊರಕೊಂಡಿ ಸೇರಿ 1 ಇಂಚು.

ಬೇಕಾಗುವ ಸಾಮಾನು

ಚೈನ್ ಕಟರ್, ಸ್ಪ್ಯಾನರ್, ಹಳೇ ಬಟ್ಟೆ, ಸ್ವಲ್ಪ ಮೆಷಿನ್ ಎಣ್ಣೆ. ಹೆಸರು ಕಟರ್ ಆದರೂ ಇದು ಚೈನನ್ನು ಕತ್ತರಿಸುವುದಿಲ್ಲ. ಹಿಡಿ ತಿರುಗಿಸಿದರೆ ಒಂದು ಮೊನೆ ಮುಂದೆ ಬಂದು ಪಿನ್ನನ್ನು ತಳ್ಳುತ್ತದೆ. ನಾಲ್ಕು ಮನೆಯವರು ಸೇರಿ ಒಂದು ಕೊಂಡರೆ ಸಾಕು.

ಮೊದಲು ಎಚ್ಚರ

ಸೆರಗು ಸಿಕ್ಕಿಸಿಕೊಳ್ಳಿ. ಬಳೆ ಮೇಲೆ ಸರಿಸಿ. ಚೈನಿನ ಹತ್ತಿರ ಬೆರಳಿದ್ದಾಗ ಪೆಡಲ್ ತಿರುಗಿಸಬಾರದು. ಪಕ್ಕದಲ್ಲಿ ಮಕ್ಕಳಿದ್ದರೆ ಅವರಿಗೂ ಹೇಳಿ. ಹಲ್ಲುಚಕ್ರಕ್ಕೆ ಬೆರಳು ಸಿಕ್ಕಿದರೆ ದೊಡ್ಡ ಗಾಯ ಆಗುತ್ತದೆ.

ಪಿನ್ನು ತಳ್ಳುವುದು

1. ಸೈಕಲ್ ಸ್ಟ್ಯಾಂಡ್ ಹಾಕಿ. ಚೈನ್ ಕವರ್ ಇದ್ದರೆ ಬಿಚ್ಚಿ. ಚೈನ್ ಒರೆಸಿ.

2. ತುಂಡಾದ ಜಾಗ ನೋಡಿ. ಬಹಳ ಸಲ ಹೊರಕೊಂಡಿಯ ಪಟ್ಟಿ ಸೊಟ್ಟಗಾಗಿ ಪಿನ್ನಿನಿಂದ ಕಳಚಿಕೊಂಡಿರುತ್ತದೆ. ಆ ಹೊರಕೊಂಡಿ ಇನ್ನು ಕೆಲಸಕ್ಕೆ ಬಾರದು. ಅದರ ಜೊತೆಗಿರುವ ಒಳಕೊಂಡಿಯನ್ನೂ ತೆಗೆಯಬೇಕು. ಯಾಕೆ? ಚೈನಿನ ಒಂದು ತುದಿಯಲ್ಲಿ ಒಳಕೊಂಡಿ, ಇನ್ನೊಂದು ತುದಿಯಲ್ಲಿ ಹೊರಕೊಂಡಿ ಉಳಿದರೆ ಮಾತ್ರ ಎರಡೂ ಸೇರುತ್ತವೆ.

3. ತೆಗೆಯಬೇಕಾದ ಒಳಕೊಂಡಿಯ ಆಚೆ ಒಳ್ಳೆ ಹೊರಕೊಂಡಿ ಇದೆ. ಇವೆರಡನ್ನು ಹಿಡಿದಿರುವ ಪಿನ್ನನ್ನು ಕಟರಿನ ಹಳ್ಳದಲ್ಲಿ ಕೂರಿಸಿ. ಮೊನೆ ಪಿನ್ನಿನ ನಡುಮಧ್ಯಕ್ಕೆ ಬರಬೇಕು.

4. ಹಿಡಿಯನ್ನು ನಿಧಾನವಾಗಿ ತಿರುಗಿಸಿ. ಪಿನ್ನು ಆಚೆ ಬದಿಗೆ ಹೊರಡುತ್ತದೆ. ಆಗಾಗ ನಿಲ್ಲಿಸಿ ನೋಡಿ.

5. ಇದನ್ನು ನೆನಪಿಡಿ: ಪಿನ್ನು ಪೂರ್ತಿ ಹೊರಗೆ ಬೀಳಬಾರದು. ಒಳಕೊಂಡಿ ಬಿಡಿಸಿಕೊಳ್ಳುವಷ್ಟು ಮಾತ್ರ ತಳ್ಳಿ. ಪಿನ್ನಿನ ತುದಿ ಆಚೆಯ ಪಟ್ಟಿಯಲ್ಲೇ ಕಚ್ಚಿಕೊಂಡಿರಲಿ. ಪೂರ್ತಿ ಬಿದ್ದರೆ ಮತ್ತೆ ಆ ತೂತಿಗೆ ನೇರವಾಗಿ ಕೂರಿಸೋದು ಬಹಳ ಕಷ್ಟ.

6. ಚೈನನ್ನು ಸ್ವಲ್ಪ ಅಡ್ಡಕ್ಕೆ ಬಗ್ಗಿಸಿ. ಹಾಳಾದ ಎರಡು ಕೊಂಡಿಗಳು ಕೈಗೆ ಬರುತ್ತವೆ.

ಪಿನ್ನು ಮತ್ತೆ ಕೂರಿಸುವುದು

1. ಈಗ ಚೈನ್ 1 ಇಂಚು ಗಿಡ್ಡ ಆಯಿತು. ಹಿಂದಿನ ಚಕ್ರದ ಎರಡೂ ನಟ್ಟು ಸಡಿಲ ಮಾಡಿ. ಚಕ್ರವನ್ನು ಸುಮಾರು ಅರ್ಧ ಇಂಚು ಮುಂದಕ್ಕೆ ತಳ್ಳಿ. ಮುಂದಕ್ಕೆ ಜಾಗವೇ ಇಲ್ಲದಿದ್ದರೆ ಈ ಜೋಡಣೆ ಆಗದು. ಅಂಗಡಿಯಿಂದ ಎರಡು ಕೊಂಡಿ ತಂದು ಸೇರಿಸಬೇಕು.

2. ಚೈನನ್ನು ಹಿಂದಿನ ಹಲ್ಲುಚಕ್ರದ ಮೇಲೆ ಹಾಯಿಸಿ. ಮುಂದಿನ ಹಲ್ಲಿಗೆ ಈಗಲೇ ಹಾಕಬೇಡಿ. ಸಡಿಲವಿದ್ದರೆ ಜೋಡಿಸೋದು ಸುಲಭ.

3. ಹೊರಕೊಂಡಿಯ ಎರಡು ಪಟ್ಟಿಗಳ ನಡುವೆ ಒಳಕೊಂಡಿಯನ್ನು ತೂರಿಸಿ. ತೂತುಗಳು ನೇರವಾಗಿ ಬರಲಿ.

4. ಪಿನ್ನು ಚಾಚಿಕೊಂಡಿರುವ ಬದಿಯಿಂದ ಕಟರಿನಲ್ಲಿ ಒತ್ತಿ. ಬಿಗಿ ಅನ್ನಿಸಿದರೆ ಬಲ ಹಾಕಬೇಡಿ. ತೂತು ನೇರ ಇದೆಯಾ ನೋಡಿ, ಮತ್ತೆ ಒತ್ತಿ. ಎರಡೂ ಬದಿಯಲ್ಲಿ ಪಿನ್ನು ಸಮವಾಗಿ ಕಂಡಾಗ ನಿಲ್ಲಿಸಿ.

5. ಹೊಸ ಜೋಡಣೆ ಬಿಗಿಯಾಗಿ ಮಡಚಿಕೊಳ್ಳದೆ ಇರಬಹುದು. ಎರಡು ಕೈಯಲ್ಲಿ ಹಿಡಿದು ಎಡಕ್ಕೆ, ಬಲಕ್ಕೆ ಮೆಲ್ಲಗೆ ಬಗ್ಗಿಸಿ. ಸಡಿಲವಾಗುತ್ತದೆ.

6. ಮುಂದಿನ ಹಲ್ಲಿಗೆ ಚೈನ್ ಹಾಕಿ. ಚಕ್ರವನ್ನು ಹಿಂದಕ್ಕೆ ಎಳೆದು ನೇರ ಮಾಡಿ, ನಟ್ಟು ಬಿಗಿ ಮಾಡಿ. ಚೈನಿನ ನಡುವೆ ಬೆರಳಿನಿಂದ ಒತ್ತಿದರೆ ಅರ್ಧ ಇಂಚು ಮೇಲೆ ಕೆಳಗೆ ಆಡಬೇಕು. ಎಣ್ಣೆ ಬಿಡಿ. ಮೊದಲು ಸೈಕಲ್ ತಳ್ಳಿಕೊಂಡು ನೋಡಿ, ಆಮೇಲೆ ಹತ್ತಿ.

ಹೀಗೆ ಕೂರಿಸಿದ ಹಳೇ ಪಿನ್ನು ಹೊಸದರಷ್ಟು ಗಟ್ಟಿ ಅಲ್ಲ. ಮನೆ ಮುಟ್ಟಿಸುತ್ತದೆ. ಆಮೇಲೆ ಅಂಗಡಿಯಿಂದ ಚೈನ್ ಲಾಕ್ ತಂದು ಹಾಕಿ. ಅದರ ಕ್ಲಿಪ್ಪು ಮೀನಿನ ಆಕಾರ ಇರುತ್ತದೆ. ಚೈನಿನ ಮೇಲಿನ ಸಾಲಿನಲ್ಲಿ ಮೀನಿನ ತಲೆ ಪೆಡಲ್ ಕಡೆಗೆ, ಸೀಳಿದ ಬಾಲ ಹಿಂದಿನ ಚಕ್ರದ ಕಡೆಗೆ ಇರಬೇಕು. ಗೇರ್ ಸೈಕಲ್ಲಿನ ಚೈನ್ ತೆಳು. ಅದಕ್ಕೆ ಹಳೇ ಪಿನ್ನು ಮತ್ತೆ ಹಾಕಲೇಬಾರದು.

ಇದು ಗಂಡಸರ ಕೆಲಸವಾ?

"ಸುತ್ತಿಗೆ, ಸ್ಪ್ಯಾನರ್ ಎಲ್ಲ ಗಂಡಸರ ಕೆಲಸ ಅಲ್ವಾ ಟೀಚರ್?" ಅಂತ ಕೆಲವರು ಕೇಳುತ್ತಾರೆ. ಹೊಲಿಗೆ ಮೆಷಿನ್ನಿಗೆ ಸೂಜಿ ಹಾಕೋರು ನಾವು. ಗ್ರೈಂಡರ್ ಬಿಚ್ಚಿ ತೊಳೆಯೋರು ನಾವು. ಈ ಪಿನ್ನು ನಮಗೆ ಯಾಕೆ ಬರೋದಿಲ್ಲ?

ತಮಿಳುನಾಡಿನ ಪುದುಕ್ಕೋಟ್ಟೈ ಜಿಲ್ಲೆಯಲ್ಲಿ 1990ರ ದಶಕದ ಆರಂಭದಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಅಲ್ಲಿ ಅಕ್ಷರದ ಜೊತೆಗೆ ಸಾವಿರಾರು ಹೆಂಗಸರು ಸೈಕಲ್ ಕಲಿತರು. ಕಲ್ಲು ಕ್ವಾರಿಯಲ್ಲಿ ದುಡಿಯುವವರೂ ಕಲಿತರು. ಮೊದಲು ಜನ ಆಡಿಕೊಂಡರು. ಹೆಂಗಸರು ಬಿಡಲಿಲ್ಲ. ಬಸ್ಸಿಗೆ ಕಾಯೋದು ತಪ್ಪಿತು, ಹೊತ್ತು ಉಳಿಯಿತು.

ಸೈಕಲ್ ಓಡಿಸಲು ಬಂದರೆ ಅರ್ಧ ಕಲಿತ ಹಾಗೆ. ರಿಪೇರಿಯೂ ಬಂದರೆ ದಾರಿಯಲ್ಲಿ ನಿಲ್ಲುವ ಭಯ ಇಲ್ಲ.

ಅಭ್ಯಾಸ

ಓದಿ, ಬರೆಯಿರಿ: ಪಿನ್ನು, ಕೊಂಡಿ, ಪಟ್ಟಿ, ನಟ್ಟು, ಕ್ಲಿಪ್ಪು, ಸ್ಪ್ಯಾನರ್, ಹಲ್ಲುಚಕ್ರ.

ಉತ್ತರ ಬರೆಯಿರಿ:
1. ಪಿನ್ನನ್ನು ಪೂರ್ತಿ ಹೊರಗೆ ಯಾಕೆ ತಳ್ಳಬಾರದು?
2. ಹೊರಕೊಂಡಿ ಹಾಳಾದರೆ ಜೊತೆಗೆ ಯಾವ ಕೊಂಡಿ ತೆಗೆಯಬೇಕು?
3. ಚೈನ್ ಲಾಕ್ ಕ್ಲಿಪ್ಪಿನ ತಲೆ ಯಾವ ಕಡೆಗೆ ಇರಬೇಕು?

ಲೆಕ್ಕ ಮಾಡಿ:
1. ನಾಲ್ಕು ಕೊಂಡಿ ತೆಗೆದರೆ ಚೈನ್ ಎಷ್ಟು ಇಂಚು ಗಿಡ್ಡ ಆಗುತ್ತದೆ?
2. ಮಕ್ಕಳ ಸ್ಕೇಲನ್ನು ಚೈನಿನ ಮೇಲೆ ಇಡಿ. ಸೊನ್ನೆಯನ್ನು ಒಂದು ಪಿನ್ನಿನ ನಡುವಿಗೆ ಹಿಡಿದು 24 ಕೊಂಡಿ ಎಣಿಸಿ. ಹೊಸ ಚೈನಿನಲ್ಲಿ ಅದು ಸರಿಯಾಗಿ 12 ಇಂಚು. ನಿಮ್ಮದು ಎಷ್ಟಿದೆ? 12 ಇಂಚಿನ ಮೇಲೆ ಒಂದು ಇಂಚಿನ ಎಂಟರಲ್ಲಿ ಒಂದು ಪಾಲು ಜಾಸ್ತಿ ಬಂದರೆ ಚೈನ್ ಸವೆದಿದೆ. ತುಂಡಾಗೋ ಮೊದಲೇ ಬದಲಾಯಿಸಿ.

ಮಾಡಿ ನೋಡಿ: ಅಂಗಡಿಯಿಂದ ಹಳೇ ಚೈನಿನ ತುಂಡು ತನ್ನಿ. ಇಬ್ಬಿಬ್ಬರು ಕೂತು ಒಂದು ಪಿನ್ನು ತಳ್ಳಿ, ಮತ್ತೆ ಕೂರಿಸಿ. ಬಂದವರು ಬರದವರಿಗೆ ಹೇಳಿಕೊಡಿ.