ಬಾಣಂತಿಯ ನೋವೂ ಕಣ್ಣೀರೂ

ಸುರಪುರದ ಸುತ್ತಲಿನ ನಮ್ಮ ಹಳ್ಳಿಗಳಲ್ಲಿ ಕೂಸು ಹುಟ್ಟಿದ ಮನೆಗೆ ಹೋದಾಗ ನಾವೆಲ್ಲರೂ ಕೂಸಿನ ಕಡೆಗೇ ಬಾಗುತ್ತೇವೆ, ಹೊರಸಿನ ಮೇಲೆ ಮಲಗಿರುವವಳಿಗೆ "ಹಾಲು ಬಂದವೇ?" ಎಂಬದರ ಹೊರತು ಬೇರೇನೂ ಕೇಳುವದಿಲ್ಲ. ಈ ಪಾಠದಲ್ಲಿ ಅವಳ ವಿಷಯವಾಗಿ ಕಲಿತುಕೊಳ್ಳೋಣ.

ಹೆರಿಗೆಯ ತರುವಾಯ ಶರೀರಕ್ಕೆ ನೋವಿರುವದು ಸಹಜ. ಹಿಗ್ಗಿದ ಗರ್ಭಕೋಶವು ಮೊದಲಿನಂತಾಗಲು ಸುಮಾರು 6 ವಾರ ಹಿಡಿಯುತ್ತದೆ. ಅದು ಕುಗ್ಗುವಾಗ, ವಿಶೇಷವಾಗಿ ಕೂಸು ಮೊಲೆಯುಣ್ಣುವಾಗ, ಕಿಬ್ಬೊಟ್ಟೆಯನ್ನು ಹಿಂಡಿದಂತಾಗುವದು. ಚೊಚ್ಚಲಿನವಳಿಗಿಂತ ಎರಡು ಮೂರು ಹೆತ್ತವಳಿಗೆ ಈ ನೋವು ಹೆಚ್ಚು. ಆದಕಾರಣ "ನಿನಗೇನು ಇದು ಹೊಸದೇ?" ಎಂದು ಅವಳನ್ನು ಗದರಿಸುವದು ತಿಳಿಗೇಡಿತನ. ಜ್ವರ, ದುರ್ವಾಸನೆಯ ಸ್ರಾವ, ನಿಲ್ಲದ ರಕ್ತ, ಒಂದೇ ಕಾಲಿನ ಬಾವು, ತಡೆಯಲಾರದ ತಲೆನೋವು ಇವುಗಳಲ್ಲಿ ಒಂದು ಕಂಡರೂ 108 ಗಾಡಿಯನ್ನು ಕೂಡಲೇ ಕರೆಯಿಸಬೇಕು.

ನಮ್ಮ ಹಿರಿಯರ ಬಾಣಂತನದಲ್ಲಿ ಒಳ್ಳೇದು ಬಹಳ ಉಂಟು: ತವರಿನ ವಿಶ್ರಾಂತಿ, ಎಣ್ಣೆನೀರು, ಅಂಟಿನ ಉಂಡೆ. ಮೈ ಬಾತೀತೆಂದು ಬಾಯಾರಿದವಳಿಗೆ ನೀರನ್ನು ಗುಟುಕೆಣಿಸಿ ಕೊಡುವದು ಮಾತ್ರ ಕೆಟ್ಟದ್ದು; ಅದೂ ನಮ್ಮ ಬೇಸಿಗೆಯಲ್ಲಿ! ನೀರು ಸಾಲದಿದ್ದರೆ ಮಲ ಕಟ್ಟುವದು, ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಹೆಚ್ಚುವದು.

ಇನ್ನು ಮನಸ್ಸಿನ ನೋವು. ಹೆತ್ತ ಮೂರನೆಯ ದಿನದ ಸುಮಾರಿಗೆ ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಸುಮ್ಮಸುಮ್ಮನೆ ಅಳು ಬರುವದುಂಟು. ಎರಡು ವಾರದೊಳಗೆ ಅದು ತಾನಾಗಿ ಹೋಗುತ್ತದೆ. ಎರಡು ವಾರ ಮೀರಿದರೂ ದುಃಖವು ಬಿಡದೆ, ಕೂಸು ಮಲಗಿದಾಗಲೂ ನಿದ್ರೆ ಬಾರದೆ, ಊಟ ಸೇರದೆ, "ನಾನು ಇದ್ದೇನು ಫಲ?" ಎನ್ನುತ್ತಿದ್ದರೆ ಅದು ಸೋಮಾರಿತನವೂ ಅಲ್ಲ, ಅವಿಶ್ವಾಸವೂ ಅಲ್ಲ, ವಾಸಿಯಾಗತಕ್ಕ ರೋಗ. ನಮ್ಮ ದೇಶದ ಅನೇಕ ಪರಿಶೋಧನೆಗಳನ್ನು ಕೂಡಿಸಿ 2017ರಲ್ಲಿ ಲೆಕ್ಕ ಹಾಕಿದವರು, 100 ತಾಯಂದಿರಲ್ಲಿ ಸುಮಾರು 22 ಮಂದಿಗೆ ಇದುಂಟೆಂದು ಕಂಡರು. ಹೆಣ್ಣು ಹೆತ್ತಳೆಂಬ ನಿಂದೆ, ಗಂಡನ ಹೊಡೆತ, ಕೈಬರಿದು ಇವು ಇದನ್ನು ಹೆಚ್ಚಿಸುತ್ತವೆ. ಗಂಡನು ಕಟ್ಟಡದ ಕೂಲಿಗೆಂದು ಬೆಂಗಳೂರಿಗೋ ಪುಣೆಗೋ ಹೋಗಿರುವ ಮನೆಗಳಲ್ಲಿ ಅವಳ ಮಾತು ಕೇಳುವವರೇ ಇರುವದಿಲ್ಲ.

ಇದಕ್ಕಿಂತ ಘೋರವಾದದ್ದು, ನಮ್ಮವರು ಬಾಣಂತಿ ಸನ್ನಿ ಎನ್ನುವದು. ಜ್ವರದ ಕನವರಿಕೆಗೂ ಬುದ್ಧಿಭ್ರಮಣೆಗೂ ಹಿಂದಿನಿಂದ ಇದೊಂದೇ ಹೆಸರು. ಎರಡೂ ಆಸ್ಪತ್ರೆಗೆ ಹೋಗತಕ್ಕವುಗಳೇ. ಸಾವಿರ ಹೆರಿಗೆಗಳಲ್ಲಿ ಒಬ್ಬಿಬ್ಬರಿಗೆ, ಬಹುಶಃ ಮೊದಲ ಎರಡು ವಾರಗಳಲ್ಲಿ, ಭ್ರಮಣೆಯು ತಟ್ಟನೆ ಬರುತ್ತದೆ. ಇಲ್ಲದ ದನಿ ಕೇಳಿಸುವದು, ಕೂಸು ತನ್ನದಲ್ಲವೆನ್ನುವಳು. ಆಗ ಕೂಸಿನ ಸಂಗಡ ಅವಳೊಬ್ಬಳನ್ನೇ ಬಿಡಬಾರದು. ಗಾಳಿ ಸೋಕಿತೆಂದು ದೆವ್ವ ಬಿಡಿಸುವವನ ಬಳಿಗೆ ಒಯ್ಯುವದರಲ್ಲಿ ಪ್ರಾಣವೇ ಹೋದೀತು. ಪಾಲಕರನ್ನು ಪ್ರಾರ್ಥನೆಗೆ ಕರೆಯಿರಿ. ಆದರೆ ಗಾಡಿಯನ್ನು ಮೊದಲು ಕರೆಯಿರಿ.

ಆಸ್ಪತ್ರೆಗೆ ಹೋದರೆ ಕೂಸನ್ನು ಅಗಲಿಸುವರೆಂಬ ಭಯ ಬೇಡ. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ತಾಯಿಯನ್ನೂ ಕೂಸನ್ನೂ ಕೂಡಿಯೇ ಇಟ್ಟುಕೊಳ್ಳುವ ವಿಭಾಗವು 2009ರಲ್ಲಿ ತೆರೆಯಿತು. 2017ರ ಮಾನಸಿಕ ಆರೋಗ್ಯ ಕಾಯಿದೆಯು ಸಹ, 3 ವರುಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಧಾರಣವಾಗಿ ಬೇರ್ಪಡಿಸಕೂಡದೆನ್ನುತ್ತದೆ. 14416 ಎಂಬ ದೂರವಾಣಿಯಲ್ಲಿ ಹಗಲಿರುಳೂ ಹಣವಿಲ್ಲದೆ ಕನ್ನಡದಲ್ಲೇ ಸಲಹೆ ದೊರೆಯುವದು.

ಆಸ್ಪತ್ರೆಯಲ್ಲಿ ಹೆತ್ತವಳ ಮನೆಗೆ ಆಶಾ ಕಾರ್ಯಕರ್ತೆಯು 3, 7, 14, 21, 28, 42ನೆಯ ದಿನಗಳಲ್ಲಿ ಬರತಕ್ಕದ್ದು. ಹದಿನಾಲ್ಕನೆಯ ದಿನ ಅವಳು ಬಂದು "ಹೇಗಿದ್ದೀಯವ್ವಾ?" ಎಂದು ಕೇಳುವಾಗ, ತಾಯಿಯಾಗಲಿ ಅತ್ತೆಯಾಗಲಿ ನಡುವೆ ಬಾಯಿಹಾಕದೆ, ಬಾಣಂತಿಯೇ ಉತ್ತರ ಕೊಡುವಂತೆ ಸ್ವಲ್ಪ ಹೊತ್ತು ಹೊರಗೆ ಹೋಗಿ ಕೂತುಕೊಳ್ಳಲಿ.