ಕಲ್ಲು ಕೊರೆಯುವ ಬೈರಿಗೆ

ಅಹಮದಾಬಾದಿನ ವೇಗದ ರೈಲಿನ 21 ಕಿಲೋಮೀಟರ್ ಸುರಂಗಕ್ಕಾಗಿ ನಮ್ಮ ವಿಕ್ರೋಳಿಯಲ್ಲೂ ಬಾವಿ ತೋಡಿದ್ದಾರೆ. ಇಲ್ಲಿಯ ಕರಿಕಲ್ಲು ಲಾವಾರಸ ಆರಿ ಆದದ್ದು. ಗಟ್ಟಿ ಹೌದು, ಆದರೆ ಉಪಕರಣವನ್ನು ಅಷ್ಟಾಗಿ ಸವೆಸದು. ನಮ್ಮ ಕೋಲಾರದ ಚಿನ್ನದ ಗಣಿಯ ಬಿಳಿ ಸ್ಫಟಿಕಶಿಲೆಯೋ ಉಕ್ಕನ್ನೇ ತಿನ್ನುವಂಥದು. 2001ರಲ್ಲಿ ಮುಚ್ಚಿದ ಆ ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು.

ಇಂಥ ಕಲ್ಲಿಗೆ ಬೈರಿಗೆಯ ಮೊನೆಯಲ್ಲಿ ವಜ್ರದ ಹರಳುಗಳನ್ನು ಲೋಹದೊಳಗೆ ಹುದುಗಿಸುತ್ತಾರೆ. ಲೋಹ ಸವೆದಂತೆ ಹೊಸ ಹರಳು ಹೊರಬರಬೇಕು. ಆದುದರಿಂದ ಸವೆಸುವ ಕಲ್ಲಿಗೆ ಗಟ್ಟಿ ಲೋಹ, ಗಟ್ಟಿಯಾದರೂ ಸವೆಸದ ಕಲ್ಲಿಗೆ ಮೆತ್ತನೆಯ ಲೋಹ. ಕೇಳಲು ತಲೆಕೆಳಗೆನಿಸೀತು, ಮಿಲ್ಲಿನ ಸಾಣೆಚಕ್ರಕ್ಕೂ ಇದೇ ನಿಯಮವೆಂದು ನಮ್ಮ ಫಿಟ್ಟರುಗಳು ಬಲ್ಲರು.

ಇನ್ನು ದಿಕ್ಕಿನ ಮಾತು. ಪದರುಗಲ್ಲಿನಲ್ಲಿ ಓರೆಯಾಗಿ ಇಳಿಯುವ ರಂಧ್ರ ಸಾಮಾನ್ಯವಾಗಿ ಪದರಕ್ಕೆ ಲಂಬವಾಗಿ ತಿರುಗತೊಡಗುತ್ತದೆ. ಮೊನೆ ಮೊಂಡಾಯಿತೆಂದು ಬಲವಾಗಿ ಒತ್ತಿದರೆ ಸಲಾಕೆ ಬಾಗಿ ದಾರಿ ಇನ್ನೂ ತಪ್ಪುತ್ತದೆ. ಮೊದಲಿನಿಂದಲೇ 3 ಡಿಗ್ರಿ ವಾಲಿದರೆ 100 ಮೀಟರಿನಲ್ಲಿ ತುದಿ 5 ಮೀಟರಿಗೂ ಹೆಚ್ಚು ದೂರ ಸರಿದಿರುತ್ತದೆ. ಆ ನಕ್ಷೆಯನ್ನು ನಂಬಿ ಸುರಂಗ ತೋಡಿದವರ ಬೆವರು ವ್ಯರ್ಥ. ಒಳಗೆ ಬೆಣೆ ಇಳಿಸಿ ದಾರಿ ತಿರುಗಿಸಬಹುದು, ಆದರೆ ಅದು ದುಬಾರಿ ಕೆಲಸ. ಬಾಗದ ಸಲಾಕೆ, ಹದವಾದ ಒತ್ತಡ, ಆಗಾಗ ಅಳತೆ, ಇವೇ ಮೇಲು.

ನೀರನ್ನಂತೂ ಮರೆಯಲಾಗದು. ಅದು ಮೊನೆಯನ್ನು ತಂಪಾಗಿಡುತ್ತದೆ, ಪುಡಿಯನ್ನು ತೊಳೆಯುತ್ತದೆ. ಸ್ಫಟಿಕದ ಧೂಳು ಕೆಲಸಗಾರನ ಶ್ವಾಸಕೋಶ ಸೇರಿ ಸಿಲಿಕೋಸಿಸ್ ತರುವುದನ್ನೂ ಬಹುಮಟ್ಟಿಗೆ ತಡೆಯುತ್ತದೆ.