ಸಹಾಯಧನದ ಒಳಲೆಕ್ಕ

ಕರ್ನಾಟಕದ ಮಳೆಯಾಶ್ರಿತ ಸೀಮೆಯ ಹಿಡುವಳಿದಾರನಿಗೆ ಮಣ್ಣು, ನೀರು ಮತ್ತು ಮರಗಳ ಸಂರಕ್ಷಣೆಗಾಗಿ ದೊರೆಯುವ ಸರಕಾರಿ ನೆರವು ಕಾಗದದ ಮೇಲೆ ಉದಾರವಾಗಿಯೇ ಇದೆ. ಆದರೆ ಆ ನೆರವನ್ನು ಶೇಕಡಾವಾರು ಲೆಕ್ಕದಲ್ಲಷ್ಟೇ ಅಳೆಯುವ ರೂಢಿ ಬೆಳೆದಿರುವುದರಿಂದ, ಅದು ನಿಜಕ್ಕೂ ಎಷ್ಟು ದಕ್ಕಿತು ಎಂಬುದು ಬಹುಪಾಲು ಕುಟುಂಬಗಳಿಗೆ ಕೆಲಸ ಮುಗಿದು ಸಾಲದ ಬಡ್ಡಿ ಕಟ್ಟಿದ ಮೇಲಷ್ಟೇ ತಿಳಿಯುತ್ತದೆ. 2014-15ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆ ಇದಕ್ಕೆ ಒಳ್ಳೆಯ ಉದಾಹರಣೆ. ಹೊಲದಿಂದ ಹರಿದು ಹೋಗುವ ಮಳೆನೀರನ್ನು ತಡೆದು ನಿಲ್ಲಿಸಲು ತೋಡುವ ಕೃಷಿ ಹೊಂಡಕ್ಕೆ ಈ ಯೋಜನೆಯಡಿ ಸಾಮಾನ್ಯ ವರ್ಗದವರಿಗೆ ಶೇ 80, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 90 ಸಹಾಯಧನವೆಂದು ಪ್ರಚಾರವಾಗಿದೆ. ಈ ಶೇಕಡಾ ಯಾವುದರ ಮೇಲೆ ಎಂಬ ಪ್ರಶ್ನೆಯನ್ನು ಮಾತ್ರ ಕೇಳುವವರು ಕಡಿಮೆ.

ಅದು ರೈತ ಖರ್ಚು ಮಾಡಿದ ಮೊತ್ತದ ಮೇಲಲ್ಲ, ಇಲಾಖೆ ಮೊದಲೇ ಗೊತ್ತುಪಡಿಸಿದ ‘ಘಟಕ ವೆಚ್ಚ’ದ ಮೇಲೆ, ಅಂದರೆ ನಿರ್ದಿಷ್ಟ ಅಳತೆಯ ಒಂದು ಕಾಮಗಾರಿಗೆ ಇಷ್ಟು ಹಣ ಸಾಕೆಂದು ಸರಕಾರ ಒಪ್ಪಿಕೊಂಡ ದರದ ಮೇಲೆ. ಲೆಕ್ಕಕ್ಕಾಗಿ ಘಟಕ ವೆಚ್ಚ ಒಂದು ಲಕ್ಷ ರೂಪಾಯಿ ಎಂದಿಟ್ಟುಕೊಂಡರೆ ಸಹಾಯಧನ 80,000. ತೋಡುವಾಗ ಎರಡಾಳುದ್ದಕ್ಕೂ ಮೊದಲೇ ಗಟ್ಟಿ ಗರಸು ಸಿಕ್ಕಿ ಜೆಸಿಬಿ ಬಾಡಿಗೆಯ ಗಂಟೆಗಳು ಬೆಳೆದು ನಿಜವಾದ ಖರ್ಚು 1,30,000ಕ್ಕೆ ಮುಟ್ಟಿದರೆ ರೈತನ ಪಾಲು 20,000 ಅಲ್ಲ, 50,000. ಹಣ ಬರುವುದು ಕೆಲಸ ಮುಗಿದು, ಅಳತೆಯಾಗಿ, ಜಿಪಿಎಸ್ ಚಿತ್ರ ತೆಗೆದು, ಬಿಲ್ಲು ಮಂಜೂರಾದ ಬಳಿಕವಾದ್ದರಿಂದ ಆ 80,000ವನ್ನೂ ಅಲ್ಲಿಯವರೆಗೆ ಹೊಂದಿಸುವ ಹೊಣೆ ರೈತನದೇ. ಊರಿನ ಕೈಸಾಲದಲ್ಲಿ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಂತೆ ಎಂಟು ತಿಂಗಳು ಕಾದರೆ ಬಡ್ಡಿಯೇ 12,800 ಆಗುತ್ತದೆ. ಒಟ್ಟಾರೆ ಕುಟುಂಬದ ಕೈಯಿಂದ ಹೋಗುವುದು 62,800, ಅಂದರೆ ಖರ್ಚಿನ ಸುಮಾರು ಅರ್ಧ. ಇದೇ 80,000ವನ್ನು ಸಹಕಾರ ಸಂಘದಿಂದ ಶೇ 3ರ ವಾರ್ಷಿಕ ಬಡ್ಡಿಯ ಮಧ್ಯಮಾವಧಿ ಸಾಲವಾಗಿ ಪಡೆದವನಿಗೆ ಅಷ್ಟೇ ಅವಧಿಗೆ ಬೀಳುವ ಬಡ್ಡಿ 1,600 ಮಾತ್ರ. 2023-24ರ ರಾಜ್ಯ ಬಜೆಟ್ಟಿನಲ್ಲಿ ಈ ಬಗೆಯ ಸಾಲದ ಮಿತಿಯನ್ನು 10 ಲಕ್ಷದಿಂದ 15 ಲಕ್ಷಕ್ಕೆ ಏರಿಸಲಾಯಿತು. ಹೀಗಾಗಿ ಹೊಂಡದ ಅರ್ಜಿಗಿಂತ ಮೊದಲು ಸಹಕಾರ ಸಂಘದ ಸದಸ್ಯತ್ವವನ್ನು ಚಾಲ್ತಿಯಲ್ಲಿಟ್ಟುಕೊಳ್ಳುವುದು ಹೆಚ್ಚು ಲಾಭದ ಕೆಲಸವೆಂಬುದು ಈ ಅಂಕಣದ ಖಚಿತ ಅಭಿಪ್ರಾಯ.

ಇಷ್ಟು ಹಣಕ್ಕೆ ಕೈಗೆ ಬರುವ ನೀರೆಷ್ಟು ಎಂಬುದನ್ನೂ ಅಳೆದು ನೋಡಬೇಕಾಗುತ್ತದೆ. ಮೇಲ್ಭಾಗದಲ್ಲಿ 12 ಮೀಟರ್ ಉದ್ದಗಲವಿದ್ದು, ಅಂಚುಗಳು ಕುಸಿಯದಂತೆ ಒಂದಕ್ಕೊಂದರ ಇಳಿಜಾರಿನಲ್ಲಿ 3 ಮೀಟರ್ ಆಳಕ್ಕೆ ಇಳಿದ ಹೊಂಡದ ತಳ 6 ಮೀಟರ್ ಉದ್ದಗಲಕ್ಕೆ ಕಿರಿದಾಗುವುದರಿಂದ, ಅದು ತುಂಬಿದಾಗ ಹಿಡಿಯುವ ನೀರು 252 ಘನ ಮೀಟರ್, ಅಂದರೆ ಸುಮಾರು ಎರಡೂವರೆ ಲಕ್ಷ ಲೀಟರ್. ಒಂದು ಹೆಕ್ಟೇರಿನ ಮೇಲೆ ಹರಿದ ಒಂದು ಮಿಲಿಮೀಟರ್ ನೀರು 10,000 ಲೀಟರಿಗೆ ಸಮ. ಆದ್ದರಿಂದ ಒಂದು ಹೆಕ್ಟೇರಿನ ಜಲಾನಯನದಿಂದ, ನೆಲಕ್ಕೆ ಇಂಗಿದ್ದನ್ನು ಬಿಟ್ಟು, ಒಟ್ಟು 25 ಮಿಲಿಮೀಟರಿನಷ್ಟು ಹರಿವು ಬಂದರೆ ಹೊಂಡ ತುಂಬುತ್ತದೆ. ಒಂದು ಎಕರೆಗೆ 5 ಸೆಂಟಿಮೀಟರ್ ಆಳದಷ್ಟು ನೀರು ಹಾಯಿಸಲು ಎರಡು ಲಕ್ಷ ಲೀಟರ್ ಬೇಕು. ಬಿಸಿಲಿಗೆ ಆವಿಯಾಗುವುದನ್ನು ಕಳೆದರೆ, ಒಂದು ತುಂಬು ಹೊಂಡದ ನೀರು ಒಂದು ಎಕರೆಗೆ ಒಂದೇ ಬಾರಿ ಸಾಲುತ್ತದೆ. ಉತ್ತರೆ ಮಳೆ ಕೈಕೊಟ್ಟ ವರ್ಷ, ಶೇಂಗಾ ಕಾಯಿಯೊಳಗೆ ಕಾಳು ಕಟ್ಟುವ ಹೊತ್ತಿಗೆ ಹಾಯಿಸಿದ ಆ ಒಂದು ನೀರೇ ಫಸಲನ್ನು ಉಳಿಸಬಹುದು. ಆದರೆ ಹೊಂಡವನ್ನು ಕೊಳವೆಬಾವಿಗೆ ಬದಲಿಯೆಂದು ಭಾವಿಸಿ ತೋಟ ಎಬ್ಬಿಸಲು ಹೊರಟವರಿಗೆ ಈ ಲೆಕ್ಕ ಹೊಂದುವುದಿಲ್ಲ. ಹೊಂಡ ಮತ್ತು ಅದರ ಸುತ್ತಲಿನ ದಂಡೆ ಸೇರಿ ಮೂರು ಗುಂಟೆಗೂ ಹೆಚ್ಚು ನೆಲ ಹೋಗುತ್ತದೆಂಬುದು ಎರಡು ಎಕರೆಯ ಒಡೆಯನಿಗೆ ಸಣ್ಣ ವಿಷಯವೇನಲ್ಲ.

ಹಣಕ್ಕಿಂತ ಮೊದಲು ಅಡ್ಡ ಬರುವುದು ದಾಖಲೆ. ಅರ್ಜಿದಾರನ ಹೆಸರಿನಲ್ಲಿ ಪಹಣಿ ಇರಬೇಕು, ರೈತರ ಏಕೀಕೃತ ನೋಂದಣಿಯಾದ ಫ್ರೂಟ್ಸ್ ಸಂಖ್ಯೆ ಇರಬೇಕು, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ ಇರಬೇಕು. ಹಿರಿಯರು ತೀರಿಕೊಂಡ ಮೇಲೆ ವಾರಸುದಾರರ ಹೆಸರಿಗೆ ಜಮೀನು ದಾಖಲಾಗುವ ಪೌತಿ ಖಾತೆ ಮತ್ತು ಜಂಟಿ ಸರ್ವೆ ನಂಬರನ್ನು ಅಳೆದು ಬೇರೆ ಮಾಡುವ ಪೋಡಿ, ಇವೆರಡೂ ಆಗದೆ ಉಳಿದ ಹಿಡುವಳಿಗಳು ಪ್ರತಿ ಹೋಬಳಿಯಲ್ಲೂ ಇವೆ. ಹಿರಿಯೂರು ತಾಲ್ಲೂಕಿನಲ್ಲಿರುವ ಅಂಕಣಕಾರನ ಕುಟುಂಬದ ಒಣಭೂಮಿಯೂ ಅಂಥದ್ದೇ ಆಗಿತ್ತು: ಪಹಣಿಯಲ್ಲಿ ಅಜ್ಜನ ಹೆಸರೇ ಮುಂದುವರಿದಿದ್ದುದರಿಂದ, ಬೆಂಗಳೂರಿನಲ್ಲಿ ನೆಲೆಸಿದ ಅತ್ತೆಯಂದಿರು ಮತ್ತು ಊರಿನಲ್ಲೇ ಉಳಿದ ಚಿಕ್ಕಪ್ಪಂದಿರು ಎಲ್ಲರೂ ವಂಶವೃಕ್ಷಕ್ಕೆ ಒಪ್ಪಿ ಸಹಿ ಹಾಕುವ ಹೊತ್ತಿಗೆ ಆ ಸಾಲಿನ ಅನುದಾನವೇ ಮುಗಿದುಹೋಗಿತ್ತು. ಸಂಬಂಧಪಟ್ಟ ಕಚೇರಿಯಲ್ಲಿ ಒಂದೇ ನಕಲನ್ನು ಮತ್ತೆ ಮತ್ತೆ ಕೇಳಿದ್ದು ಬೇರೆ. ಅನುದಾನ ಸೀಮಿತವಾಗಿರುವುದರಿಂದ ಅರ್ಹತೆಯಿದ್ದ ಮಾತ್ರಕ್ಕೆ ಆಯ್ಕೆಯಾಗುವುದಿಲ್ಲ, ಮತ್ತು ಕಾರ್ಯಾದೇಶ ಕೈಗೆ ಬರುವ ಮೊದಲೇ ತೋಡಿಸಿಕೊಂಡ ಹೊಂಡಕ್ಕೆ ಸಹಾಯಧನ ದಕ್ಕುವುದಿಲ್ಲ. ಮುಂಗಾರು ಹತ್ತಿರ ಬಂದಾಗ ಅವಸರಪಟ್ಟು ಜೆಸಿಬಿ ಕರೆಸುವವರು ಇಲ್ಲಿಯೇ ನಷ್ಟ ಮಾಡಿಕೊಳ್ಳುತ್ತಾರೆ.

ಮರಗಳ ವಿಷಯದಲ್ಲಿ ನೆರವಿನ ಸ್ವರೂಪವೇ ಬೇರೆ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ, 2011-12ರಲ್ಲಿ ಶುರುವಾದದ್ದು, ನೆಟ್ಟ ಸಸಿಗಲ್ಲ, ಬದುಕಿ ಉಳಿದ ಸಸಿಗೆ ಹಣ ಕೊಡುತ್ತದೆ: ಇಲಾಖೆಯ ಸಸ್ಯಕ್ಷೇತ್ರದಿಂದ ರಿಯಾಯಿತಿ ದರದಲ್ಲಿ ತಂದು ನೆಟ್ಟ ಪ್ರತಿ ಸಸಿಗೆ ಮೊದಲ ವರ್ಷದ ಕೊನೆಗೆ 35, ಎರಡನೆಯ ವರ್ಷಕ್ಕೆ 40, ಮೂರನೆಯ ವರ್ಷಕ್ಕೆ 50, ಹೀಗೆ ಒಟ್ಟು 125 ರೂಪಾಯಿ. ನೂರು ಸಸಿಗಳಲ್ಲಿ ಎಪ್ಪತ್ತು ಉಳಿದರೆ ಮೂರು ವರ್ಷಕ್ಕೆ 8,750 ಬರುತ್ತದೆ. ಗುಂಡಿ ತೋಡುವ ಕೂಲಿ, ಎರಡು ಬೇಸಿಗೆಗಳಲ್ಲಿ ಟ್ಯಾಂಕರಿನಿಂದ ನೀರು, ಮೇಕೆ ಬಾಯಿ ಹಾಕದಂತೆ ಮುಳ್ಳುಬೇಲಿ, ಇಷ್ಟನ್ನೂ ಕೂಲಿಯಾಳುಗಳಿಂದಲೇ ಮಾಡಿಸುವವನಿಗೆ ಇದು ಸಾಲದು. ಮನೆಯವರೇ ದುಡಿಯುವಲ್ಲಿ ಸರಿದೂಗುತ್ತದೆ.

ಇಲ್ಲೊಂದು ವಿಚಿತ್ರವಿದೆ. ಸಿಲ್ವರ್ ಓಕ್, ಸರ್ವೆ, ನೀಲಗಿರಿ, ಸುಬಾಬುಲ್‌ನಂಥ ಬೇಗ ಬೆಳೆಯುವ ಜಾತಿಗಳು ಈ ಪ್ರೋತ್ಸಾಹಧನಕ್ಕೆ ಹೊರಗು; ಅದೇ ಜಾತಿಗಳು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಡಿ ಕಡಿಯಲು ಅನುಮತಿ ಬೇಕಿಲ್ಲದ ಪಟ್ಟಿಯಲ್ಲಿವೆ. ತೇಗದಂಥ ಮರಕ್ಕೆ ನೆಡುವಾಗ ಹಣವುಂಟು, ಕಡಿಯುವಾಗ ವೃಕ್ಷಾಧಿಕಾರಿಯ ಅನುಮತಿಯೂ ಸಾಗಿಸುವಾಗ ರಹದಾರಿಯೂ ಬೇಕು. ಎರಡೂ ನಿಯಮಗಳಿಗೆ ತಮ್ಮದೇ ಆದ ಕಾರಣಗಳಿವೆ. ಆದರೆ ಮಗಳ ಮದುವೆಗೋ ಆಸ್ಪತ್ರೆಯ ಖರ್ಚಿಗೋ ಮರವನ್ನು ಬ್ಯಾಂಕಿನ ಠೇವಣಿಯಂತೆ ನಂಬಿಕೊಂಡವನು, ತುರ್ತಿಗೆ ಅದನ್ನು ಹಣವಾಗಿಸಲು ಎಷ್ಟು ಕಾಲ ಹಿಡಿಯುತ್ತದೆಂಬುದನ್ನು ನೆಡುವ ದಿನವೇ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಕಷ್ಟ. ಶ್ರೀಗಂಧದ ಮಾತು ಇನ್ನೂ ಸೂಕ್ಷ್ಮ: 2001ರ ತಿದ್ದುಪಡಿಯಿಂದ ಜಮೀನಿನ ಒಡೆಯನೇ ಗಂಧದ ಮರದ ಒಡೆಯನಾದರೂ, ಅದನ್ನು ಕಾಯುವ ಖರ್ಚು ಕೂಡ ಅವನದೇ ಆಯಿತು.

ಎಲ್ಲಕ್ಕಿಂತ ಕಡಿಮೆ ಬಳಕೆಯಾಗುತ್ತಿರುವ ನೆರವು ಹಣದ ರೂಪದ್ದಲ್ಲ. ವಿಶ್ವಬ್ಯಾಂಕ್ ನೆರವಿನ ಸುಜಲ ಯೋಜನೆಯ ಮೂರನೆಯ ಹಂತದಲ್ಲಿ ಆಯ್ದ ಜಿಲ್ಲೆಗಳ ಜಲಾನಯನಗಳಲ್ಲಿ ಕೃಷಿ ವಿಶ್ವವಿದ್ಯಾಲಯಗಳೂ ರಾಷ್ಟ್ರೀಯ ಮಣ್ಣು ಸಮೀಕ್ಷಾ ಸಂಸ್ಥೆಯೂ ಸೇರಿ ನಡೆಸಿದ ಭೂಸಂಪನ್ಮೂಲ ಸಮೀಕ್ಷೆ, ಸರ್ವೆ ನಂಬರಿನ ಮಟ್ಟಕ್ಕೆ ಇಳಿದು ಮಣ್ಣಿನ ಆಳ, ಇಳಿಜಾರು, ಗರಸಿನ ಪ್ರಮಾಣ ಮತ್ತು ಅಲ್ಲಿಗೆ ಹೊಂದುವ ಸಂರಕ್ಷಣಾ ಕ್ರಮವನ್ನು ದಾಖಲಿಸಿದೆ. ಕೆಂಪು ಮಣ್ಣಿಗೆ ಸಮಪಾತಳಿ ಬದು ಹೊಂದುತ್ತದೆ, ನೀರು ಬೇಗ ಇಂಗದ ಎರೆಮಣ್ಣಿಗೆ ಸಣ್ಣ ಇಳಿಜಾರುಳ್ಳ ಬದು ಬೇಕು. ಇದನ್ನು ತಪ್ಪಿಸಿದರೆ ಬದುವಿನ ಮೇಲ್ಬದಿಯಲ್ಲಿ ನೀರು ನಿಂತು ಬೆಳೆ ಕೊಳೆಯುತ್ತದೆ. ಇಂಥ ಮಾಹಿತಿ ಕೃಷಿ ವಿಜ್ಞಾನ ಕೇಂದ್ರದಲ್ಲೂ ರೈತ ಸಂಪರ್ಕ ಕೇಂದ್ರದಲ್ಲೂ ಕೇಳಿದರೆ ಸಿಗುವಂಥದ್ದು, ಆದರೆ ಅಲ್ಲಿಗೆ ಹೋದವರು ಬಿತ್ತನೆ ಬೀಜ ಮತ್ತು ಟಾರ್ಪಾಲು ಬಂದಿದೆಯೇ ಎಂದಷ್ಟೇ ವಿಚಾರಿಸಿ ಮರಳುತ್ತಾರೆ.

ಅಂಕಣಕಾರನ ಕುಟುಂಬದ ಜಮೀನಿನ ಮೇಲ್ತುಂಡಿನಲ್ಲಿ ಮಣ್ಣಿನ ಆಳ ಮೊಣಕಾಲಿನಷ್ಟೂ ಇಲ್ಲವೆಂಬುದು ಇಂಥದೇ ವಿಚಾರಣೆಯಿಂದ ಸ್ಪಷ್ಟವಾದ ಮೇಲೆ, ಅಲ್ಲಿ ತೋಡಬೇಕೆಂದಿದ್ದ ಎರಡನೆಯ ಹೊಂಡದ ಯೋಚನೆ ಕೈಬಿಟ್ಟು, ಹರಿದುಹೋಗಿದ್ದ ಹಳೆಯ ಬದುಗಳನ್ನು ಕಟ್ಟಿಸಿ ಹೆಚ್ಚಿನ ನೀರು ಹೊರಹೋಗಲು ಕಲ್ಲಿನ ಕೋಡಿ ಇಡಿಸಲಾಯಿತು. ಅದಕ್ಕೆ ಬೇಕಾದ ಮಣ್ಣಿನಲ್ಲಿ ಒಂದು ಪಾಲು ಕೆಳತುಂಡಿನಲ್ಲಿ ಮೊದಲೇ ಇದ್ದ ಹೊಂಡದಿಂದ ಬೇಸಿಗೆಯಲ್ಲಿ ಎತ್ತಿದ ಹೂಳೇ ಆಗಿತ್ತು. ಹೂಳೆತ್ತುವ ಖರ್ಚು ಹೊಂಡದ ಘಟಕ ವೆಚ್ಚದಲ್ಲಿ ಸೇರಿರುವುದಿಲ್ಲ, ಆದರೆ ಹೂಳು ಹೊಲಕ್ಕೆ ಮರಳಿದಾಗ ಗೊಬ್ಬರದ ಗಾಡಿಗಳ ಲೆಕ್ಕದಲ್ಲಿ ಅದರ ಸ್ವಲ್ಪ ಭಾಗ ವಸೂಲಾಗುತ್ತದೆ. ಬದುವಿನ ಕೆಲಸಕ್ಕೆ ಅರ್ಜಿ ಹಾಕಲಿಲ್ಲ; ಊರಿನ ಟ್ರ್ಯಾಕ್ಟರ್ ಬಾಡಿಗೆ ಮತ್ತು ಆಳುಗಳ ಕೂಲಿಯನ್ನು ಆ ವರ್ಷದ ಶೇಂಗಾ ಹಣದಿಂದಲೇ ಕೊಡಲಾಯಿತು.